ಆಟಿ ಕಳೆಂಜನನ್ನು ಹಾಳೆಯ ಮೇಲೆ ಬರೆದದ್ದು

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ. ಜುಲೈ ನಡುವಿಗೆ ತುಳುವರ ಆಟಿ ತಿಂಗಳು ಶುರುವಾದರೆ ಮನೆಮನೆಗೆ ವೇಷ ಹಾಕಿ ಬರುವ ಕಳೆಂಜ ನಮ್ಮ ಅಂಗಳಕ್ಕೂ ಬರುತ್ತಾನೆ. ಸೊಂಟಕ್ಕೆ ತೆಂಗಿನ ಎಳೆಗರಿಯ ತಿರಿ, ತಲೆಗೆ ಹಾಳೆಯ (ಅಡಿಕೆ ಸೋಗೆಯ ಬುಡದ ಅಗಲ ಪಟ್ಟೆಯ) ಟೊಪ್ಪಿ, ಅದರಲ್ಲಿ ಕೆಂಪು ಕೇಪಳ ಹೂ, ಕೈಯಲ್ಲಿ ಓಲೆಯ ಕೊಡೆ. ಜೊತೆಗೆ ತೆಂಬರೆ ಎಂಬ ಪುಟ್ಟ ಚರ್ಮವಾದ್ಯದ ಸದ್ದು. ಮಳೆಗಾಲದ ರೋಗ ಕಳೆಯಲಿ ಅಂತ ಅವನು ಕುಣಿಯುತ್ತಾನೆ. ಅಮ್ಮ ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನ, ಇದ್ದಿಲು ಇಟ್ಟು ಕೊಡುತ್ತಾರೆ.

ಅವನ ಚಿತ್ರ ಬರೆಯಲು ಹೊರಟಾಗ ಮೊದಲು ಅಂಗಡಿಯ ಬಣ್ಣ, ದಪ್ಪ ಕಾಗದ ತಂದಿದ್ದೆ. ಚಿತ್ರ ಚೆನ್ನಾಗೇ ಬಂತು. ಆದರೆ ಅವನು ನಮ್ಮ ಅಂಗಳದ ಕಳೆಂಜ ಅನ್ನಿಸಲಿಲ್ಲ. ಆಗ ಗೆರಸೆ ನೆನಪಾಯಿತು. ಹಳದಿ, ಕಪ್ಪು, ಬಿಳಿ ಮೂರೂ ಅದರಲ್ಲೇ ಇದ್ದವಲ್ವಾ! ಅರಿಶಿನಕ್ಕೆ ಚಿಟಿಕೆ ವೀಳ್ಯದ ಸುಣ್ಣ ಸೇರಿಸಿದರೆ ಕೆಂಪೂ ಸಿಗುತ್ತದೆ. ಕಾಗದದ ಬದಲು ಅವನ ಟೊಪ್ಪಿಯ ಹಾಳೆಯೇ ಸಾಕು ಅಂದುಕೊಂಡೆ.

ಹಾಳೆಯನ್ನು ಬೇಸಿಗೆಯಲ್ಲೇ ಹೆಕ್ಕಿಡಬೇಕು. ಮಳೆಯಲ್ಲಿ ಬಿದ್ದದ್ದಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ. ನನ್ನ ಮೊದಲ ಹಾಳೆ ಬಿಸಿಲಿಗೆ ಮುದುಡಿ ಸೀಳಿಹೋಯಿತು. ಈಗ ಒಂದು ರಾತ್ರಿ ನೀರಲ್ಲಿ ನೆನೆಸಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಕಲ್ಲು ಹೇರಿ ನೆರಳಲ್ಲೇ ಒಣಗಿಸುತ್ತೇನೆ. ಬರೆಯುವುದು ಒಳಮೈಯಲ್ಲಿ, ಅದು ನಯ. ಬಣ್ಣ ಹಿಡಿಯಲು ಮೊದಲು ಗಂಜಿತಿಳಿ ಬೆರೆಸಿದೆ. ಇರುವೆ ಬಂತು. ಗೇರು ಮರದ ಅಂಟನ್ನು ನೀರಲ್ಲಿ ಕರಗಿಸಿ ಹಾಕಿದ ಮೇಲೆ ಸರಿಯಾಯಿತು. ಸಪೂರ ಗೆರೆಗಳಿಗೆ ತೆಂಗಿನ ಗರಿಯ ಕಡ್ಡಿ. ಚಂದ್ರಗಿರಿ ಹೊಳೆಯ ಆಚೆ ತೆಯ್ಯಂ ಎಂಬ ದೈವದ ವೇಷಕ್ಕೆ ಮುಖ ಬರೆಯುವವರ ಕೈಯಲ್ಲೂ ಅದೇ ಕಡ್ಡಿ ನೋಡಿದ್ದೇನೆ.

ಪ್ರತಿ ವರ್ಷ ಕಳೆಂಜನಾಗಿ ನಮ್ಮಲ್ಲಿಗೆ ಬರುವ ಅಣ್ಣನಿಗೆ ಚಿತ್ರ ತೋರಿಸಿದೆ. ವೇಷ ಅವರದ್ದು. ಅವರು ಒಪ್ಪದೆ ಗೋಡೆಗೆ ಹಾಕಲು ನನಗೆ ಮನಸ್ಸಿರಲಿಲ್ಲ. ಅವರು ತುಂಬಾ ಹೊತ್ತು ನೋಡಿದರು. "ಎಲ್ಲ ಸರಿ ಇದೆ ಅಕ್ಕ, ಕೊಡೆ ಮಾತ್ರ ನಿಂತುಬಿಟ್ಟಿದೆ. ಅದು ತಿರುಗ್ತಾ ಇರ್ಬೇಕು" ಅಂದರು. ನಾನು ಕೊಡೆಯ ಒಂದೊಂದು ಓಲೆಯನ್ನೂ ಎಣಿಸಿ ಬರೆದಿದ್ದೆ! ಅವನು ಕುಣಿಯುವಾಗ ಓಲೆ ಯಾರಿಗೆ ಕಾಣುತ್ತದೆ? ಹೊಸ ಹಾಳೆ ತೆಗೆದುಕೊಂಡೆ. ಈ ಸಲ ಕೊಡೆಗೆ ಕಡ್ಡಿ ಮುಟ್ಟಿಸಲಿಲ್ಲ. ಇದ್ದಿಲ ಪುಡಿಯನ್ನು ಹೆಬ್ಬೆರಳಿಂದ ಸುತ್ತಲೂ ಉಜ್ಜಿದೆ. ತಿರಿಯ ಗೆರೆಗಳನ್ನೂ ಒಂದೇ ಕಡೆಗೆ ವಾಲಿಸಿದೆ. ಕೊಡೆ ತಿರುಗಿತು.

ಆ ಚಿತ್ರವನ್ನು ಖುಷಿಯಲ್ಲಿ ಜಗಲಿಯಲ್ಲಿ ತೂಗುಹಾಕಿದ್ದೆ. ಕೆಲವೇ ತಿಂಗಳಲ್ಲಿ ಹಳದಿ ಮಾಸಿತು, ಕೇಪಳದ ಕೆಂಪು ಕಂದಿತು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಸುಣ್ಣದ ಖಾರವೂ ಗಾಳಿಗೆ ಇಳಿಯುತ್ತದೆ, ಹಾಗಾಗಿ ಕೆಂಪು ಉಳಿಯುವುದಿಲ್ಲ. ಅಂಗಡಿಯ ಕೆಂಪು ಹಚ್ಚು ಅಂತ ಹೇಳಿದವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಚಿತ್ರವನ್ನು ಒಳಕೋಣೆಗೆ ತಂದಿದ್ದೇನೆ. ಆಟಿಯಲ್ಲಿ ಅಮ್ಮ ಗೆರಸೆ ತುಂಬುವಾಗ ಒಂದು ಚಿಟಿಕೆ ಅರಿಶಿನ ಕೇಳಿ ತೆಗೆದುಕೊಂಡು, ಆ ಹೂಗಳಿಗೆ ಮತ್ತೆ ಬಣ್ಣ ಹಚ್ಚುತ್ತೇನೆ.