ಹಿತ್ತಲಿಗೆ ಬರುವ ಮಡಿವಾಳ ಹಕ್ಕಿ

ಮೂಡಿಗೆರೆ ಕಡೆ ಈಗ ಬೆಳಗಾದರೆ ಮಡಿವಾಳ ಹಕ್ಕಿ ಹಾಡು ಶುರು. ಹತ್ತಿರ ಬರಲಿ ಅಂತ ಆಸೆ ಇರುವವರು ಅನ್ನ, ಬ್ರೆಡ್ ಹಾಕಬೇಡಿ. ಅದು ಹುಳ ತಿನ್ನುವ ಹಕ್ಕಿ. ಗಿಡದ ಬುಡದ ತರಗೆಲೆ ಹಾಗೇ ಬಿಡಿ, ಔಷಧಿ ಹೊಡೆಯಬೇಡಿ. ಅಗಲದ ಮಣ್ಣಿನ ತಟ್ಟೆಯಲ್ಲಿ ಸ್ವಲ್ಪವೇ ನೀರು ಇಟ್ಟು, ದಿನಾ ಬದಲಿಸಿ. ಬೆಕ್ಕು ಅಡಗುವ ಪೊದೆ ಪಕ್ಕ ಮಾತ್ರ ಬೇಡ. ಆಮೇಲೆ ದಿನಾ ಅದೇ ಹೊತ್ತಿಗೆ ಸುಮ್ನೆ ಕೂತಿರಿ. ನಮ್ಮನೆ ಗಂಡು ಹಕ್ಕಿ ನಾನು ಮಣ್ಣು ಕೆದಕುವಾಗ ಗುದ್ದಲಿ ಪಕ್ಕದಲ್ಲೇ ಬಾಲ ಎತ್ತಿ ನಿಂತು ಹುಳ ಹೆಕ್ಕುತ್ತಿತ್ತು.

ಹೋದ ವಾರ ಅದು ಕಿಟಕಿ ಗಾಜಿಗೆ ಬಡಿದು ಸತ್ತುಹೋಯಿತು. ಗಾಜಿನಲ್ಲಿ ಕಾಣುವ ಮರವನ್ನೇ ನಿಜ ಅಂತ ನಂಬಿ ಹಕ್ಕಿಗಳು ನುಗ್ಗುತ್ತವೆ. ಒಂದು ಸ್ಟಿಕ್ಕರ್ ಸಾಲದು. ಗಾಜಿನ ಹೊರಗಡೆ ಎರಡೆರಡು ಇಂಚಿಗೆ ಒಂದೊಂದು ದಾರ ಇಳಿಬಿಡಿ. ಬಿದ್ದ ಹಕ್ಕಿಗೆ ಉಸಿರಿದ್ದರೆ ಬಾಯಿಗೆ ನೀರು ಬಿಡಬೇಡಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ, ಗಲಾಟೆ ಇಲ್ಲದ ಕಡೆ ಇಡಿ. ಚೇತರಿಸಿಕೊಂಡರೆ ಹೊರಗೆ ಬಿಡಿ.

"ಒಂದು ಹಕ್ಕಿಗೆ ಇಷ್ಟು ಅಳ್ತೀರಾ?" ಅನ್ನುವವರು ಇರುತ್ತಾರೆ. ಅಳು ಬಂದರೆ ಅಳಿ. ದಿನಾ ನೋಡಿದ ಜೀವ ಅಲ್ವಾ? ನಾವು ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದೆವು. ಮಕ್ಕಳೂ ಜೊತೆಗಿದ್ದರು, ಅದು ಒಳ್ಳೆಯದೇ ಆಯಿತು. ಬರಿಗೈಯಲ್ಲಿ ಮುಟ್ಟಬೇಡಿ, ಕವರ್ ಹಾಕಿಕೊಂಡು ಎತ್ತಿ. ನೀರಿನ ತಟ್ಟೆ ತೆಗೆದಿಡಬೇಡಿ, ಈ ಬಿಸಿಲಿಗೆ ಪಿಕಳಾರಗಳಿಗೂ ನೀರು ಬೇಕು.