ಬಹುಮಾನ ನಿಲ್ಲಿಸಿದೆ, ತಪ್ಪು ಹುಡುಕಲು ಕೊಟ್ಟೆ

ಎಂಟು ವರ್ಷದವರಿಂದ ಹಿಡಿದು ಐವತ್ತು ದಾಟಿದವರವರೆಗೆ ನಾನು ಗಣಿತ ಹೇಳಿಕೊಡುತ್ತೇನೆ. ಮೊದಲು ಚಿಕ್ಕವರು, ಆಮೇಲೆ ಹದಿಮೂರು-ಹದಿನಾಲ್ಕರವರು, ಅವರ ನಂತರ ಪ್ರವೇಶ ಪರೀಕ್ಷೆಯವರು, ಕೊನೆಗೆ ಕೆಲಸ ಮುಗಿಸಿ ಬರುವ ದೊಡ್ಡವರು. ಬಹುಮಾನ ಕೊಡುವುದನ್ನು ಪೂರ್ತಿ ನಿಲ್ಲಿಸಿ, ಹದಿಮೂರರ ಹುಡುಗರ ಕೈಯಿಂದ ಚಿಕ್ಕವರಿಗೆ ಬೇಕೆಂದೇ ತಪ್ಪು ಲೆಕ್ಕ ಬರೆಸುತ್ತೇನೆ ಎಂದಾಗ ಜೊತೆಯ ಶಿಕ್ಷಕರು ನಕ್ಕರು. "ಸರಿಯಾದದ್ದನ್ನು ಹೇಳಿಕೊಡುವುದಕ್ಕೇ ಹೊತ್ತು ಸಾಲದು, ತಪ್ಪನ್ನು ಬೇರೆ ಕಲಿಸುತ್ತೀರಾ?" ಎಂದು ಒಬ್ಬರು ಕೇಳಿದರು. ಈಗ ಅವರೇ ನನ್ನ ಹಾಳೆಗಳನ್ನು ಕೇಳುತ್ತಿದ್ದಾರೆ. ಹೇಗೂ ಒಬ್ಬರಿಗೆ ವಿವರಿಸಬೇಕು, ಎಲ್ಲರಿಗೂ ಹೇಳಿಬಿಡುತ್ತೇನೆ.

ಮೊದಲು ದುಡ್ಡಿನ ಮಾತು. ಬಹುಮಾನದ ಕಾಲದಲ್ಲಿ ಚಿಕ್ಕವರ ಬ್ಯಾಚಿನ ಶುಲ್ಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಸ್ಟಿಕ್ಕರು, ಪೆನ್ಸಿಲು, ತಿಂಗಳ ಕೊನೆಯ ದೊಡ್ಡ ಉಡುಗೊರೆ ಎಂದು ಕರಗಿ ಹೋಗುತ್ತಿತ್ತು. ಮೊದಲ ತಿಂಗಳು ಎಲ್ಲರ ಮುಖದಲ್ಲೂ ಹುರುಪು. ಎರಡನೇ ತಿಂಗಳಿಗೆ ಅವೇ ಸ್ಟಿಕ್ಕರುಗಳು ಸಪ್ಪೆಯಾದವು, ನಾನು ಇನ್ನೂ ದೊಡ್ಡವನ್ನು ತಂದೆ. ಮೂರನೆಯದರಲ್ಲಿ ಚೌಕಾಸಿ ಶುರುವಾಯಿತು. "ಈ ಲೆಕ್ಕಕ್ಕೆ ಎಷ್ಟು?" ಎಂದು ಒಂದು ಮಗು ಕೇಳಿ, "ಒಂದು" ಎಂದಾಗ ಪುಸ್ತಕ ಮುಚ್ಚಿ ಕುಳಿತಿತು. ಅಂಕ ಎಣಿಸುವ ಒಂದು ಮೊಬೈಲ್ ಆ್ಯಪ್‌ಗೂ ವರ್ಷದ ಚಂದಾ ಕಟ್ಟಿದ್ದೆ. ಮಕ್ಕಳು ಅದರಲ್ಲಿ ಕಲಿತದ್ದು ಸುಲಭದ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿ ಅಂಕ ಗುಡ್ಡೆ ಹಾಕುವುದನ್ನು. ಚಂದಾ ಮುಗಿಯಲು ಆರೇಳು ತಿಂಗಳು ಇರುವಾಗಲೇ ಕೈಬಿಟ್ಟೆ.

ಬಹುಮಾನದ ಬಗ್ಗೆ ಮಾತೆತ್ತಿದರೆ ಎಲ್ಲರೂ ಅಮೆರಿಕದ ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್, ನಿಸ್ಬೆಟ್ ಅವರ 1973ರ ಪ್ರಯೋಗವನ್ನೇ ಮುಂದಿಡುತ್ತಾರೆ. ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಪ್ರಶಸ್ತಿಪತ್ರದ ಆಸೆ ತೋರಿಸಿ ಬರೆಸಿದರೆ, ಆಮೇಲೆ ಅವರು ಬಣ್ಣದ ಪೆನ್ನಿನ ಕಡೆ ಹೋಗುವ ಹೊತ್ತು ಇತರರದರ ಸುಮಾರು ಅರ್ಧಕ್ಕೆ ಇಳಿಯಿತು ಎನ್ನುವುದು ಅದರ ಸಾರ. ನನಗೆ ಅದು ಪೂರ್ತಿ ಹೊಂದಲಿಲ್ಲ. ಆ ಮಕ್ಕಳಿಗೆ ಚಿತ್ರ ಮೊದಲೇ ಇಷ್ಟವಿತ್ತು, ನನ್ನ ಬಳಿ ಬರುವವರಿಗೆ ವ್ಯವಕಲನ ಎಂದೂ ಇಷ್ಟವಿರಲಿಲ್ಲ. ಇಲ್ಲದ ಇಷ್ಟವನ್ನು ಬಹುಮಾನ ಎಲ್ಲಿಂದ ಕೊಲ್ಲುತ್ತದೆ? ನನ್ನಲ್ಲಿ ಕೆಟ್ಟದ್ದು ಬೇರೆ: ನಾನು ಉತ್ತರಕ್ಕೆ ಬಹುಮಾನ ಕೊಡುತ್ತಿದ್ದೆ, ಉತ್ತರ ತರುವ ದಾರಿಯೇ ಮಗುವಿಗೆ ಗೊತ್ತಿರಲಿಲ್ಲ. ಅಮೆರಿಕದ ಶಾಲೆಗಳಲ್ಲಿ ನಗದು ಕೊಟ್ಟು ನೋಡಿದ ರೋಲಂಡ್ ಫ್ರೈಯರ್ 2011ರಲ್ಲಿ ಪ್ರಕಟಿಸಿದ್ದೂ ಇದಕ್ಕೆ ಹತ್ತಿರದ ಮಾತು. ನ್ಯೂಯಾರ್ಕ್‌ನಲ್ಲಿ ಪರೀಕ್ಷೆಯ ಅಂಕಕ್ಕೆ ಹಣ ಕೊಟ್ಟರೂ ಅಂಕ ಕದಲಲಿಲ್ಲ. ಡಲ್ಲಾಸ್‌ನ ಎರಡನೇ ತರಗತಿಯವರಿಗೆ ಓದಿದ ಪ್ರತಿ ಪುಸ್ತಕಕ್ಕೆ 2 ಡಾಲರ್ ಕೊಟ್ಟಾಗ ಒಂದು ಗುಂಪಿನ ಮಕ್ಕಳ ಓದಾದರೂ ಸುಧಾರಿಸಿತು. ಪುಸ್ತಕ ಓದುವುದು ಮಗುವಿನ ಕೈಯಲ್ಲಿರುವ ಕೆಲಸ. ಅಂಕ ಹಾಗಲ್ಲ.

ಇನ್ನು ಹಾಳೆಯ ವಿಷಯ. ಹದಿಮೂರರವರಿಗೆ ವಾರಕ್ಕೊಂದು ಕೆಲಸ: ಚಿಕ್ಕವರ ಪಾಠದಿಂದ ನಾಲ್ಕು ಲೆಕ್ಕ ಬಿಡಿಸಿ ತರಬೇಕು, ಒಂದರಲ್ಲಿ ತಪ್ಪು ಅಡಗಿಸಿಡಬೇಕು. ಕೈತಪ್ಪಿ ಅಂಕಿ ಬದಲಾದಂತಹ ತಪ್ಪು ನಡೆಯುವುದಿಲ್ಲ, ಮನುಷ್ಯರು ನಿಜವಾಗಿ ಮಾಡುವ ತಪ್ಪೇ ಬೇಕು. ಚಿಕ್ಕವರು ಎರಡು ನಿಮಿಷದೊಳಗೆ ಹಿಡಿದರೆ ಬರೆದವನು ಸೋತ. ಹತ್ತು ನಿಮಿಷವಾದರೂ ಯಾರೂ ಹಿಡಿಯದಿದ್ದರೆ ಅವನೇ ಬಂದು ಅವರಿಗೆ ವಿವರಿಸಬೇಕು. ಎರಡರ ನಡುವೆ ಬಿದ್ದರೆ ಗೆಲುವು.

402ರಿಂದ 178 ಕಳೆಯುವ ಲೆಕ್ಕವನ್ನು ಒಬ್ಬ ಹುಡುಗ ಮೊದಲ ವಾರ 376 ಎಂದು ಬರೆದು ತಂದ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದದ್ದು, ನಮಗೆಲ್ಲ ಗೊತ್ತಿರುವ ಹಳೆಯ ತಪ್ಪು. ಚಿಕ್ಕವರು ಅರ್ಧ ನಿಮಿಷದಲ್ಲಿ ಹಿಡಿದು ಕೂಗಿದರು. ಅವನಿಗೆ ಅವಮಾನವಾಯಿತು. ಮುಂದಿನ ವಾರ ಅದೇ ಲೆಕ್ಕಕ್ಕೆ 234 ಬರೆದು ತಂದ. ನೂರರಿಂದ ದಶಕಕ್ಕೆ ಸಾಲ ತಂದಿದ್ದಾನೆ, ದಶಕದಿಂದ ಬಿಡಿಗೂ ತಂದಿದ್ದಾನೆ, ಆದರೆ ದಶಕದ ಮನೆಯ ಹತ್ತು ಒಂಬತ್ತಾಗಬೇಕಿದ್ದದ್ದು ಹತ್ತಾಗಿಯೇ ಉಳಿದಿದೆ. ಸರಿ ಉತ್ತರ 224. ಏಳೆಂಟು ನಿಮಿಷದವರೆಗೆ ಯಾರಿಗೂ ಸಿಗಲಿಲ್ಲ. ಕೊನೆಗೆ ಒಬ್ಬಳು 234ಕ್ಕೆ 178 ಕೂಡಿಸಿ ನೋಡಿ, 412 ಬಂದದ್ದನ್ನು ಕಂಡು ಹಿಡಿದಳು. ಕೂಡಿಸಿ ತಾಳೆ ನೋಡಿ ಎಂದು ನಾನು ಎಷ್ಟೋ ಸಲ ಹೇಳಿದ್ದು, ಆವರೆಗೆ ಒಬ್ಬರೂ ಮಾಡಿರಲಿಲ್ಲ. ಇತ್ತ ಆ ಹುಡುಗ 234ನ್ನು ಕಟ್ಟಲು ಸಾಲ ತರುವುದನ್ನು ನನಗಿಂತ ಚೆನ್ನಾಗಿ ಬಿಡಿಸಿ ನೋಡಿದ್ದ. ಮನೆಗೆಲಸ ಮಾಡದವನೆಂದು ಹೆಸರಾದವನು ಅವನು.

ಶುರುವಿನಲ್ಲಿ ಕೆಡುಕೂ ಆಯಿತು. ಎರಡು ಮೂರು ಮಕ್ಕಳು ತಪ್ಪು ದಾರಿಯನ್ನೇ ತಮ್ಮ ಪುಸ್ತಕದಲ್ಲೂ ಹಿಡಿದರು, ನಕ್ಕವರಿಗೆ ಮಾತು ಸಿಕ್ಕಿತು. ಹಾಳೆಯ ಕೆಳಗೆ ಸರಿಯಾಗಿ ಮಾಡಿ ತೋರಿಸಬೇಕು, ಬರೆದವರಿಗೆ ಒಂದು ಸಾಲಿನ ಉತ್ತರವನ್ನೂ ಕೊಡಬೇಕು ಎಂದು ಸೇರಿಸಿದ ಮೇಲೆ ಅದು ನಿಂತಿತು. "ಅಣ್ಣಾ, ಇಲ್ಲಿ ಹತ್ತು ಒಂಬತ್ತಾಗಬೇಕಿತ್ತು, ನೀನು ಮರೆತಿದ್ದೀಯ" ಎಂಬಂತಹ ಸಾಲುಗಳು. ಚಿಕ್ಕವರಿಗೆ ದೊಡ್ಡವರ ತಪ್ಪು ಹಿಡಿಯುವುದಕ್ಕಿಂತ ದೊಡ್ಡ ಬಹುಮಾನ ನಾನು ಯಾವ ಅಂಗಡಿಯಿಂದ ತರಲಿ? ಖರ್ಚು ಈಗ ಹಾಳೆ, ನಕಲು ಪ್ರತಿ ಮಾತ್ರ. ಹಿಂದಿನದರ ಹತ್ತನೇ ಒಂದು ಪಾಲೂ ಇಲ್ಲ.

ಹದಿಮೂರರವರಲ್ಲಿ ಹಿಂದೆ ಇಪ್ಪತ್ತರಲ್ಲಿ ಏಳೆಂಟು ಮಂದಿ ಮನೆಗೆಲಸ ತರುತ್ತಿದ್ದರು, ಈಗ ಹದಿನಾರು ಹದಿನೇಳು. ಈ ವಯಸ್ಸಿಗೆ ನಾನು ಹಾಕದ ಗಾಳವಿಲ್ಲ. ರ‍್ಯಾಂಕಿನ ಫಲಕ ಹಾಕಿದೆ: ಮೇಲಿನ ಐವರು ಜಗಳವಾಡಿದರು, ಉಳಿದವರು ಆಟದಿಂದಲೇ ಎದ್ದು ಹೋದರು. ಎಲ್ಲರ ಮುಂದೆ ಹೊಗಳಿದೆ: ಹೊಗಳಿಸಿಕೊಂಡವಳು ಮುಂದಿನ ವಾರ ಕೈಯೇ ಎತ್ತಲಿಲ್ಲ. ಎಂಟರ ಮಗು ಹೊಗಳಿಕೆಗೆ ಅರಳುತ್ತದೆ, ಹದಿಮೂರರವಳಿಗೆ ಅದು ಗೆಳತಿಯರ ಮುಂದೆ ಮುಜುಗರ. ಯಾರೋ ತಮ್ಮನ್ನು ನೆಚ್ಚಿದ್ದಾರೆ ಎನ್ನುವುದಕ್ಕೆ ಮಾತ್ರ ಅವರು ಸೋಲುತ್ತಾರೆ, ಅದನ್ನೂ ನಾವು ಬಾಯಿಬಿಟ್ಟು ಹೇಳಬಾರದು. ಯಾವ ದೊಡ್ಡವನ ಹಾಳೆಯನ್ನು ಯಾವ ಚಿಕ್ಕವನಿಗೆ ಕೊಡುತ್ತೇನೆ ಎನ್ನುವುದರಲ್ಲಿ ನನ್ನದೇ ಒಂದು ಲೆಕ್ಕಾಚಾರವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದು ಹುಚ್ಚು ಪ್ರಯೋಗ. ಕೆಂಪು ಶಾಯಿ ಮಕ್ಕಳನ್ನು ಹೆದರಿಸುತ್ತದೆ ಎಂದು ಕೇಳಿ ಒಂದು ತಿಂಗಳು ಹಸಿರಿನಲ್ಲಿ, ಇನ್ನೊಂದು ತಿಂಗಳು ಪೆನ್ಸಿಲಿನಲ್ಲಿ ತಿದ್ದಿದೆ. ನನಗೆ ಕಂಡಂತೆ ಯಾವ ವ್ಯತ್ಯಾಸವೂ ಆಗಲಿಲ್ಲ. ಪೆನ್ಸಿಲಿನದನ್ನು ಇಬ್ಬರು ಅಳಿಸಿ ಅಂಕ ಹೆಚ್ಚಿಸಿಕೊಂಡರು, ಅಷ್ಟೇ.

ಪ್ರವೇಶ ಪರೀಕ್ಷೆಯವರಿಗೆ ಈ ಹಾಳೆ ಬೇಡ. ಅವರಲ್ಲಿ ಭಯ ಸಾಕಷ್ಟಿದೆ, ಅದು ಕೊನೆಯ ಎರಡು ತಿಂಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೂ ಮೊದಲು ಅವರವರು ತಪ್ಪಿದ ಪ್ರಶ್ನೆಗಳಿಂದಲೇ ಅವರವರ ಪರೀಕ್ಷೆ ಮಾಡುತ್ತೇನೆ. ಯಾವ ಅಧ್ಯಾಯ ಮೊದಲು ಎಂದು ಅವರೇ ಆರಿಸಲಿ. ಹೆಚ್ಚು ಹೇಳುವಂಥದ್ದೇನೂ ಇಲ್ಲ.

ದೊಡ್ಡವರ ಬ್ಯಾಚಿನಲ್ಲಿ ನಾನು ಕಳೆದುಕೊಂಡ ಹಣ ಹೆಚ್ಚು. ಮೊದಲು ಭಿನ್ನರಾಶಿಯಿಂದ ಕ್ರಮವಾಗಿ ಶುರು ಮಾಡುತ್ತಿದ್ದೆ, ಎರಡನೇ ವಾರಕ್ಕೆ ಅರ್ಧ ಬೆಂಚು ಖಾಲಿ. ಹಾಜರಾತಿಗೆಂದು ಠೇವಣಿ ಕಟ್ಟಿಸಿಕೊಂಡೆ, ತಪ್ಪದೆ ಬಂದವರಿಗೆ ವಾಪಸು ಎಂದೆ. ಒಂದು ಸಲ ತಪ್ಪಿಸಿದವರು ನಾಚಿಕೆಯಿಂದ ಮತ್ತೆ ಬರಲೇ ಇಲ್ಲ, ಠೇವಣಿಯನ್ನೂ ಕೇಳಲಿಲ್ಲ. ಕರೆದು ಕೊಟ್ಟೆ, ಆದರೆ ಮುಂದಿನ ತಿಂಗಳುಗಳ ಶುಲ್ಕ ಹೋದದ್ದು ಹೋಯಿತು. ಈಗ ಮೊದಲ ದಿನವೇ ಸಾಲದ ಕಾಗದ ತನ್ನಿ ಎನ್ನುತ್ತೇನೆ. ವರ್ಷಕ್ಕೆ ನೂರಕ್ಕೆ ಹತ್ತು ಎಂದು ಇಡೀ ಅಸಲಿನ ಮೇಲೆ ಬಡ್ಡಿ ಹಾಕಿ ತಿಂಗಳಿಗೊಂದರಂತೆ ಹನ್ನೆರಡು ಸಮ ಕಂತಿನಲ್ಲಿ ವಸೂಲು ಮಾಡುವ ಸಾಲ, ಇಳಿಯುವ ಬಾಕಿಯ ಲೆಕ್ಕದಲ್ಲಿ ಸುಮಾರು ನೂರಕ್ಕೆ ಹದಿನೆಂಟಾಗುತ್ತದೆ. ಇದನ್ನು ಅವರ ಕೈಯಿಂದಲೇ ಕಂತು ಕಂತಾಗಿ ಬರೆಸುತ್ತೇನೆ. ನಾಲ್ಕನೇ ಕಂತಿಗೆ ಬರುವಷ್ಟರಲ್ಲಿ ದಶಮಾಂಶ ಬರುವುದಿಲ್ಲ ಎಂದವರು ದಶಮಾಂಶ ಕೇಳುತ್ತಾರೆ. ಮೊದಲ ವಾರ ಇವರಿಗೆ ಯಾರ ಮುಂದೆಯೂ ಉತ್ತರ ಹೇಳಿಸಬೇಡಿ.

ಹಾಳೆ ಪ್ರಯತ್ನಿಸುವವರು ವ್ಯವಕಲನದಿಂದ ಶುರು ಮಾಡಿ, ಭಿನ್ನರಾಶಿಯಿಂದ ಬೇಡ. ಅಲ್ಲಿ ಹದಿಮೂರರವರಿಗೇ ಅರ್ಧಕ್ಕೆ ಮೂರನೇ ಒಂದು ಸೇರಿಸಿದರೆ ಐದನೇ ಎರಡು ಎನ್ನುವುದು ತಪ್ಪೆಂದು ಹೊಳೆಯುವುದಿಲ್ಲ, ಸರಿಯಾಗಿ ಬಿಡಿಸಿ ಎಂದ ಉಳಿದ ಮೂರು ಲೆಕ್ಕಗಳಲ್ಲೂ ಬೇಡದ ತಪ್ಪುಗಳು ಸೇರಿಕೊಂಡು ಬರುತ್ತವೆ. ಬಂದ ಹಾಳೆಯನ್ನು ಹಂಚುವ ಮೊದಲು ನೀವೊಮ್ಮೆ ಬಿಡಿಸಿ ನೋಡಿ.