ಕೋಟೆ ಗುಡ್ಡದ ಹಿಂದೆ ತೊಗಲು ಗೊಂಬೆ: ಕಿರುಚಿತ್ರಗಳನ್ನು ನೋಡಿ ಒಂದು ಶಾಟ್ ಕಟ್ಟಿದ ನನ್ನ ಅನುಭವ

ನಾನು ಬಳ್ಳಾರಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಕಾಂಪೊಸಿಟರ್, ಅಂದರೆ ಬೇರೆ ಬೇರೆಯಾಗಿ ತೆಗೆದ ಚಿತ್ರಗಳನ್ನು ಒಂದೇ ಫ್ರೇಮಿನಲ್ಲಿ ಬೆರೆಸುವವನು. ಹೈದರಾಬಾದ್ ಮತ್ತು ಬೆಂಗಳೂರಿನ ಸ್ಟುಡಿಯೊಗಳು ಕಳಿಸುವ ಶಾಟ್‌ಗಳಿಗೆ ರೋಟೊ ಮಾಡುವುದು (ಬೇಕಾದ ವಸ್ತುವಿನ ಅಂಚಿಗೆ ಫ್ರೇಮ್ ಫ್ರೇಮ್ ಆಗಿ ಗೆರೆ ಎಳೆದು ಬೇರ್ಪಡಿಸುವುದು), ನಟರನ್ನು ಎತ್ತಿ ಹಿಡಿದ ತಂತಿಗಳನ್ನು ಅಳಿಸುವುದು, ಹಸಿರು ಪರದೆಯ ಮುಂದೆ ಚಿತ್ರೀಕರಿಸಿದವರನ್ನು ಬೇರೆ ಹಿನ್ನೆಲೆಯಲ್ಲಿ ಕೂರಿಸುವುದು ನನ್ನ ದುಡಿಮೆ. ಈ ದುಡಿಮೆಯಲ್ಲಿ ಕೈ ಪಳಗುತ್ತದೆ, ಆದರೆ ಶಾಟ್ ಹೇಗಿರಬೇಕು ಎಂಬುದನ್ನು ಯಾವಾಗಲೂ ಬೇರೊಬ್ಬರು ಮೊದಲೇ ತೀರ್ಮಾನಿಸಿರುತ್ತಾರೆ. ಆ ತೀರ್ಮಾನ ಮಾಡುವುದನ್ನು ಕಲಿಯಬೇಕೆಂಬ ಆಸೆಯಿಂದ ನಾನು ಕಿರುಚಿತ್ರಗಳತ್ತ ತಿರುಗಿದೆ. ನೂರಾರು ಜನ ಸೇರಿ ಮಾಡಿದ ದೊಡ್ಡ ಸಿನಿಮಾದಲ್ಲಿ ಯಾವ ನಿರ್ಧಾರ ಯಾರದು ಎಂದು ತಿಳಿಯುವುದು ಕಷ್ಟ. ಎರಡು, ಐದು ಅಥವಾ ಎಂಟು ನಿಮಿಷಗಳ ಚಿತ್ರದಲ್ಲಾದರೆ ಒಬ್ಬರೋ ಇಬ್ಬರೋ ತಮ್ಮ ಸಮಯವನ್ನೆಲ್ಲ ಎಲ್ಲಿ ಸುರಿದರು, ಏನನ್ನು ಬೇಕೆಂದೇ ಬಿಟ್ಟರು ಎಂಬುದು ಕಣ್ಣಿಗೆ ಕಾಣುತ್ತದೆ.

ನೋಡುವ ಕ್ರಮವನ್ನು ಮೊದಲು ಹೇಳುತ್ತೇನೆ. ಒಮ್ಮೆ ಇಡೀ ಚಿತ್ರವನ್ನು ಸಾಮಾನ್ಯ ಪ್ರೇಕ್ಷಕನಂತೆ ನೋಡುತ್ತೇನೆ. ಎರಡನೆಯ ಸಲ ಶಬ್ದವನ್ನು ನಿಲ್ಲಿಸಿ ನೋಡುತ್ತೇನೆ, ಏಕೆಂದರೆ ಸದ್ದು ಎಷ್ಟೋ ದುರ್ಬಲ ಶಾಟ್‌ಗಳನ್ನು ಎತ್ತಿ ಹಿಡಿದಿರುತ್ತದೆ. ಆಮೇಲೆ ಒಂದೇ ಒಂದು ಶಾಟನ್ನು ಆರಿಸಿಕೊಂಡು ಫ್ರೇಮ್ ಫ್ರೇಮ್ ಆಗಿ ಮುಂದೆ ಸರಿಸುತ್ತೇನೆ. ವಿಎಲ್‌ಸಿಯಲ್ಲಿ ‘ಇ’ ಕೀಲಿಯೂ, ಯೂಟ್ಯೂಬಿನಲ್ಲಿ ವಿಡಿಯೊ ನಿಲ್ಲಿಸಿದಾಗ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿಗಳೂ ಈ ಕೆಲಸ ಮಾಡುತ್ತವೆ. ಅಂಚುಗಳು, ನೆರಳುಗಳು, ಕಪ್ಪಿನ ಆಳ, ಚಲನೆಯ ಮಸುಕು, ಇವಿಷ್ಟನ್ನು ಮಾತ್ರ ಗಮನಿಸುತ್ತೇನೆ. ಅಂತರ್ಜಾಲದ ವಿಡಿಯೊದಲ್ಲಿ ಗ್ರೇನ್ (ಚಿತ್ರದ ಮೇಲಿನ ಸಣ್ಣ ಕಾಳುಕಾಳು ಚುಕ್ಕೆ) ನೋಡಿ ಯಾವ ತೀರ್ಮಾನಕ್ಕೂ ಬರಬಾರದು; ಕಡತವನ್ನು ಚಿಕ್ಕದು ಮಾಡುವ ಕಂಪ್ರೆಷನ್ ಅದನ್ನು ಮೊದಲೇ ನುಂಗಿರುತ್ತದೆ. ಕೊನೆಯದಾಗಿ, ಒಂದು ಚಿತ್ರದಿಂದ ಒಂದೇ ಸಂಗತಿಯನ್ನು ತೆಗೆದುಕೊಂಡು ಅದನ್ನು ನನ್ನ ಶಾಟ್‌ನಲ್ಲಿ ಮಾಡಿ ನೋಡುತ್ತೇನೆ. ಮಾಡಿ ನೋಡದೆ ಬಿಟ್ಟ ಪ್ರೇರಣೆ ವಾರದೊಳಗೆ ಆರಿಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

1986ರಲ್ಲಿ ಪಿಕ್ಸಾರ್ ಸಂಸ್ಥೆಗಾಗಿ ಜಾನ್ ಲ್ಯಾಸೆಟರ್ ಮಾಡಿದ ‘ಲಕ್ಸೊ ಜೂನಿಯರ್’ ಸುಮಾರು ಎರಡು ನಿಮಿಷಗಳ ಚಿತ್ರ. ಎರಡು ಮೇಜುದೀಪಗಳು, ಒಂದು ಚೆಂಡು, ಮರದ ನೆಲ, ಅದರಾಚೆ ಕತ್ತಲೆ. ಕ್ಯಾಮೆರಾ ಅಲುಗಾಡುವುದೇ ಇಲ್ಲ. ಅಂದಿನ ಕಂಪ್ಯೂಟರಿನ ಮಿತಿಯಲ್ಲಿ ಹಿನ್ನೆಲೆಯನ್ನು ಕಟ್ಟುವ ಶ್ರಮವನ್ನೆಲ್ಲ ಉಳಿಸಿ, ಆ ಶ್ರಮವನ್ನು ದೀಪಗಳ ಚಲನೆಗೂ ಅವು ಒಂದರ ಮೇಲೊಂದು ಬೀರುವ ಬೆಳಕು ನೆರಳುಗಳಿಗೂ ಕೊಟ್ಟಿದ್ದಾರೆ. ಇದರಿಂದ ನಾನು ತೆಗೆದುಕೊಂಡದ್ದು ನಿಂತ ಕ್ಯಾಮೆರಾವನ್ನು. ಹೊಸಬರ ಹೆಚ್ಚಿನ ಶಾಟ್‌ಗಳು ಟ್ರ್ಯಾಕಿಂಗ್‌ನಲ್ಲೇ, ಅಂದರೆ ಸೇರಿಸಿದ ವಸ್ತುವನ್ನು ಕ್ಯಾಮೆರಾದ ಚಲನೆಗೆ ಹೊಂದಿಸುವುದರಲ್ಲೇ, ಕುಸಿಯುತ್ತವೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಬಿಗಿದು ನಿಲ್ಲಿಸಿದರೆ ಆ ಹೊರೆ ಇಳಿದು, ಬೆಳಕಿನ ಬಗ್ಗೆ ಯೋಚಿಸಲು ಬಿಡುವು ಸಿಗುತ್ತದೆ.

ಕಾಂಪೊಸಿಟಿಂಗ್ ಮಾಡುವ ಪ್ರತಿಯೊಬ್ಬರೂ ನೋಡಲೇಬೇಕಾದದ್ದು ಪೋಲೆಂಡಿನ ಜ್‌ಬಿಗ್ನ್ಯೆವ್ ರಿಬ್‌ಚಿನ್ಸ್ಕಿ 1980ರಲ್ಲಿ ಮಾಡಿದ ‘ಟ್ಯಾಂಗೊ’. ಒಂದೇ ಕೋಣೆ, ಒಂದೇ ಕೋನ. ಕಿಟಕಿಯಿಂದ ಒಳಬಿದ್ದ ಚೆಂಡನ್ನು ಎತ್ತಿಕೊಳ್ಳಲು ಒಬ್ಬ ಹುಡುಗ ಬಂದು ಹೋಗುತ್ತಾನೆ, ಮತ್ತೆ ಬರುತ್ತಾನೆ. ಒಬ್ಬೊಬ್ಬರಾಗಿ ಇತರರೂ ಬಂದು ತಮ್ಮ ತಮ್ಮ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತ ಹೋಗಿ, ಕೊನೆಗೆ ಮೂವತ್ತಾರು ಪಾತ್ರಗಳು ಆ ಪುಟ್ಟ ಕೋಣೆಯಲ್ಲಿ ಒಬ್ಬರಿಗೊಬ್ಬರು ತಾಗದೆ ಓಡಾಡುತ್ತವೆ. ಇದನ್ನು ಮಾಡಿದ್ದು ಕಂಪ್ಯೂಟರ್ ಇಲ್ಲದೆ: ಸುಮಾರು 16,000 ಮ್ಯಾಟ್‌ಗಳನ್ನು (ಬೇಡದ ಭಾಗಕ್ಕೆ ಬೆಳಕು ಬೀಳದಂತೆ ಮುಚ್ಚುವ ಆಕಾರಗಳನ್ನು) ಕೈಯಲ್ಲಿ ಬಿಡಿಸಿ, ಬಣ್ಣ ತುಂಬಿ, ಫಿಲ್ಮಿನಿಂದ ಫಿಲ್ಮಿಗೆ ಚಿತ್ರ ಇಳಿಸುವ ಆಪ್ಟಿಕಲ್ ಪ್ರಿಂಟರ್ ಮೇಲೆ ಒಂದೇ ಫಿಲ್ಮಿಗೆ ಲಕ್ಷಗಟ್ಟಲೆ ಸಲ ಬೆಳಕು ಕೊಟ್ಟು ಮಾಡಿದ್ದು. 1983ರಲ್ಲಿ ಅದಕ್ಕೆ ಆಸ್ಕರ್ ಬಂತು. ನಿಲ್ಲಿಸಿ ನೋಡಿದರೆ ಕೆಲವರ ಸುತ್ತ ತೆಳುವಾದ ಕಪ್ಪು ಗೆರೆ ಕಾಣುತ್ತದೆ, ಅಂಚುಗಳು ನಡುಗುತ್ತವೆ. ಆದರೂ ಅವರು ಆ ಕೋಣೆಯಲ್ಲೇ ಇದ್ದಾರೆ ಎಂದು ಮನಸ್ಸು ಒಪ್ಪುತ್ತದೆ. ಕಾರಣ, ಯಾರು ಯಾರ ಮುಂದೆ, ಯಾರು ಯಾರ ಹಿಂದೆ ಎಂಬ ಲೆಕ್ಕ ಕೊನೆಯವರೆಗೂ ಕೆಟ್ಟಿಲ್ಲ. ಅಂಚನ್ನು ನಯಗೊಳಿಸುವುದಕ್ಕಿಂತ ಮುಂದು ಹಿಂದಿನ ಲೆಕ್ಕ ಸರಿಯಿರುವುದು ದೊಡ್ಡದು. ದಿನವಿಡೀ ಅಂಚುಗಳನ್ನೇ ತಿದ್ದುತ್ತಿದ್ದ ನನಗೆ ಈ ಚಿತ್ರ ಕೊಟ್ಟ ತಿಳಿವಳಿಕೆ ಇದು.

ಉರುಗ್ವೆಯ ಫೆಡೆ ಆಲ್ವಾರೆಸ್ 2009ರಲ್ಲಿ ಯೂಟ್ಯೂಬಿಗೆ ಹಾಕಿದ ‘ಅಟಾಕೆ ದೆ ಪಾನಿಕೊ’ವನ್ನು ನಮ್ಮಂಥ ಊರುಗಳ ಹುಡುಗರಿಗೆ ನಾನು ವಿಶೇಷವಾಗಿ ತೋರಿಸುತ್ತೇನೆ. ಸುಮಾರು 300 ಡಾಲರ್ ಖರ್ಚಿನಲ್ಲಿ ಮಾಡಿದ ಐದು ನಿಮಿಷದ ಚಿತ್ರ ಅದು. ದೈತ್ಯ ಯಂತ್ರಗಳು ಮೊಂಟೆವಿಡಿಯೊ ನಗರದ ಮೇಲೆ ಬೀಳುತ್ತವೆ. ಅವರು ಆರಿಸಿಕೊಂಡದ್ದು ತಮ್ಮದೇ ಊರಿನ ಬೀದಿಗಳನ್ನು. ದೂರದ ಯಂತ್ರಗಳನ್ನು ಮಬ್ಬಿನಲ್ಲಿ ಅರ್ಧ ಮುಳುಗಿಸಿ ಇಟ್ಟಿರುವುದರಿಂದಲೇ ಅವು ದೊಡ್ಡದಾಗಿ ಕಾಣುತ್ತವೆ. ಮಬ್ಬನ್ನೂ ಊರನ್ನೂ ನಾನು ಅಲ್ಲಿಂದ ತೆಗೆದುಕೊಂಡೆ.

ಇನ್ನು ಬ್ಲೆಂಡರ್ ಎಂಬ ಉಚಿತ ತ್ರೀಡಿ ತಂತ್ರಾಂಶದ ಹಿಂದಿರುವ ಬ್ಲೆಂಡರ್ ಫೌಂಡೇಶನ್ 2012ರಲ್ಲಿ ಹೊರತಂದ ‘ಟಿಯರ್ಸ್ ಆಫ್ ಸ್ಟೀಲ್’ ಇದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಚಿತ್ರೀಕರಿಸಿದ ಈ ಕಿರುಚಿತ್ರದ ಮೂಲ ಫ್ರೇಮ್‌ಗಳನ್ನೇ ಬೆಳಕಿನ ವಿವರ ಕಳೆಯದ ಓಪನ್ ಇಎಕ್ಸ್‌ಆರ್ ಕಡತಗಳ ರೂಪದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಸ್ಟುಡಿಯೊದೊಳಗೆ ಕಾಲಿಡದವರಿಗೂ ಒಳ್ಳೆಯ ಕ್ಯಾಮೆರಾದ, ಕಂಪ್ರೆಷನ್ನಿಗೆ ಸಿಗದ ಹಸಿರು ಪರದೆಯ ಪ್ಲೇಟ್ (ಮೂಲವಾಗಿ ಚಿತ್ರೀಕರಿಸಿದ ತುಣುಕು) ಅಭ್ಯಾಸಕ್ಕೆ ಸಿಗುವುದು ಸಾಮಾನ್ಯ ಮಾತಲ್ಲ. ಕೂದಲಿನ ಅಂಚಿಗೆ ಕೀ ಹಾಕುವುದನ್ನು (ಹಸಿರನ್ನು ಮಾತ್ರ ಅಳಿಸುವುದನ್ನು) ನಾನು ಪಳಗಿಸಿಕೊಂಡದ್ದು ಅದರ ಮೇಲೆಯೇ.

ಇಷ್ಟಾದ ಮೇಲೆ ನನ್ನದೇ ಒಂದು ಶಾಟ್ ಮಾಡಲು ಕುಳಿತೆ. ವಿಷಯವನ್ನು ಹೊರಗೆಲ್ಲೂ ಹುಡುಕಬೇಕಾಗಿರಲಿಲ್ಲ. ತೊಗಲು ಗೊಂಬೆಯಾಟವನ್ನು ದೇಶವಿದೇಶಗಳಿಗೆ ಒಯ್ದ ಬೆಳಗಲ್ಲು ವೀರಣ್ಣನವರು ನಮ್ಮ ಬಳ್ಳಾರಿಯವರು; 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದವರು. ಬೆಳಕು, ಪರದೆ, ಪದರ, ಪಾರದರ್ಶಕತೆ ಎಂದು ನಾವು ತಂತ್ರಾಂಶದಲ್ಲಿ ಕಲಿಯುವುದೆಲ್ಲ ಈ ಕಲೆಯಲ್ಲಿ ಮೊದಲಿನಿಂದಲೂ ಇದೆ. ಸೂರ್ಯ ಇಳಿಯುವ ಹೊತ್ತಿಗೆ ಬಳ್ಳಾರಿಯ ಕೋಟೆ ಗುಡ್ಡದ ಹಿಂದೆ ಗುಡ್ಡಕ್ಕಿಂತ ಎತ್ತರದ ತೊಗಲು ಗೊಂಬೆಯೊಂದು ಎದ್ದು ನಡೆಯಬೇಕು, ಆಕಾಶವೇ ಅದಕ್ಕೆ ಪರದೆಯಾಗಬೇಕು ಎಂಬುದು ನನ್ನ ಶಾಟ್.

ಗೊಂಬೆಯ ಛಾಯಾಚಿತ್ರ ತೆಗೆಯಲು ಕೊಪ್ಪಳ ತಾಲ್ಲೂಕಿನ ಒಬ್ಬ ಹಿರಿಯ ಕಲಾವಿದರ ಮನೆಗೆ ಹೋದೆ. ಬಿಳಿ ಪಂಚೆಯನ್ನು ಬಿಗಿದು ಕಟ್ಟಿ, ಹಿಂದೆ ಬಲ್ಬು ಹಚ್ಚಿ, ಅವರೇ ಗೊಂಬೆಯನ್ನು ಹಿಡಿದು ನಿಂತರು. “ತಮ್ಮಾ, ಗೊಂಬಿನ ಪರದೆಗೆ ಹಚ್ಚಿ ಹಿಡೀಬೇಕು. ದೀಪದ ಕಡೆ ಸರಿದ್ರ ದೊಡ್ಡದಾಗತೈತಿ ಖರೆ, ಆದ್ರ ಮಾರಿ ಮಸುಕಾಗತೈತಿ” ಎಂದು ಹೇಳಿ, ಹಾಗೆಯೇ ಸರಿಸಿ ತೋರಿಸಿದರು. ಪರದೆಗೆ ಅಂಟಿಕೊಂಡಾಗ ಕಿರೀಟದ ಒಂದೊಂದು ತೂತೂ ಚುಕ್ಕೆಯಂತೆ ಚೂಪಾಗಿತ್ತು. ಗೇಣು ದೂರ ಸರಿದ ಕೂಡಲೇ ಆ ಚುಕ್ಕೆಗಳು ಹಿಗ್ಗಿ ಒಂದರೊಳಗೊಂದು ಕಲೆತವು. “ಹಂಗಾದ್ರ ಅಜ್ಜಾರ, ರಾಕ್ಷಸ ಬರೋವಾಗ ಹೆಂಗ ಮಾಡ್ತೀರಿ?” ಎಂದು ಕೇಳಿದೆ. “ಮೊದಲು ಮಸುಕು ತರತೀವಿ, ಆಮ್ಯಾಲೆ ಪರದೆಗೆ ಹಚ್ಚತೀವಿ” ಎಂದರು. ನನ್ನ ಶಾಟ್‌ನ ಮೊದಲ ಭಾಗ ಅಲ್ಲಿಯೇ ತೀರ್ಮಾನವಾಯಿತು.

ತೊಗಲನ್ನು ಕಾಂಪೊಸಿಟ್ ಮಾಡುವುದು ಹೇಗೆ ಎಂಬುದೇ ಈ ಕೆಲಸದ ತಿರುಳು, ಆದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ಒಂದು ಚಿತ್ರವನ್ನು ಇನ್ನೊಂದರ ಮೇಲೆ ಇರಿಸಲು ನಾವು ನಿತ್ಯ ಬಳಸುವ ‘ಓವರ್’ ಕ್ರಿಯೆಯನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರ ತಮ್ಮ ಪ್ರಬಂಧದಲ್ಲಿ ಗಣಿತವಾಗಿ ನಿರೂಪಿಸಿದರು. ಅದರಲ್ಲಿ ಪ್ರತಿ ಪಿಕ್ಸೆಲ್‌ಗೂ ಒಂದೇ ಆಲ್ಫಾ ಇರುತ್ತದೆ. ಅಂದರೆ ವಸ್ತು ಹಿನ್ನೆಲೆಯ ಕೆಂಪು, ಹಸಿರು, ನೀಲಿಯನ್ನು ಒಂದೇ ಪ್ರಮಾಣದಲ್ಲಿ ಮುಚ್ಚುತ್ತದೆ. ತೊಗಲು ಹಾಗೆ ಮಾಡುವುದಿಲ್ಲ. ಕೆಂಪು ಬಣ್ಣ ಹಚ್ಚಿದ ತೊಗಲು ಕೆಂಪು ಬೆಳಕನ್ನು ಬಿಟ್ಟುಕೊಟ್ಟು ನೀಲಿಯನ್ನು ತಡೆಯುತ್ತದೆ. ಆದ್ದರಿಂದ ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್ ಕದಲದಂತೆ ಇಟ್ಟು ಎರಡು ಚಿತ್ರ ತೆಗೆದೆ: ಒಂದು ಬರಿಯ ಪರದೆಯದು, ಇನ್ನೊಂದು ಗೊಂಬೆ ಹಿಡಿದ ಪರದೆಯದು. ಲೀನಿಯರ್ ಅಳತೆಯಲ್ಲಿ, ಅಂದರೆ ಬೆಳಕು ಇಮ್ಮಡಿಯಾದರೆ ಅಂಕಿಯೂ ಇಮ್ಮಡಿಯಾಗುವ ಅಳತೆಯಲ್ಲಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ, ತೊಗಲಿನ ಪ್ರತಿ ಬಿಂದುವೂ ಎಷ್ಟು ಕೆಂಪು, ಎಷ್ಟು ಹಸಿರು, ಎಷ್ಟು ನೀಲಿಯನ್ನು ದಾಟಿಸುತ್ತದೆ ಎಂಬುದು ಸೊನ್ನೆಯಿಂದ ಒಂದರವರೆಗಿನ ಅಂಕಿಯಾಗಿ ಸಿಗುತ್ತದೆ. ತೂತುಗಳಲ್ಲಿ ಅದು ಒಂದರ ಹತ್ತಿರ ಇರುತ್ತದೆ. ಈ ಚಿತ್ರವನ್ನು ಆಕಾಶದ ಪ್ಲೇಟಿನೊಂದಿಗೆ ಗುಣಿಸಿದಾಗ ಸಂಜೆಯ ಬೆಳಕು ಗೊಂಬೆಯ ಒಳಗಿನಿಂದ ಬಂದಂತಾಯಿತು.

ಇನ್ನೂ ಒಂದು ಹೆಜ್ಜೆ ಉಳಿದಿತ್ತು. ತೊಗಲು ಬೆಳಕನ್ನು ದಾಟಿಸುತ್ತದೆ, ಆದರೆ ಗಾಜಿನಂತೆ ಆಚೆಯದನ್ನು ಸ್ಪಷ್ಟವಾಗಿ ತೋರಿಸುವುದಿಲ್ಲ. ಹಾಗಾಗಿ ಗೊಂಬೆಯ ಮೈಯ ಹಿಂದಿರುವ ಆಕಾಶವನ್ನು ಚೆನ್ನಾಗಿ ಮಸುಕು ಮಾಡಿ, ಆಮೇಲೆ ಗುಣಿಸಬೇಕು. ತೂತುಗಳ ಹಿಂದಿನ ಆಕಾಶವನ್ನು ಮಾತ್ರ ಇದ್ದ ಹಾಗೆಯೇ ಬಿಡಬೇಕು. ಮೋಡದ ಅಂಚು ಕಿರೀಟದ ತೂತಿನಲ್ಲಿ ಚೂಪಾಗಿ ಕಂಡು, ಪಕ್ಕದ ತೊಗಲಿನಲ್ಲಿ ಕರಗಿ ಹೋಗುವುದನ್ನು ನೋಡಿದಾಗ ನನಗಾದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಚಲನೆಯದು ಬೇರೆಯೇ ಲೆಕ್ಕ. ಒಂದು ಅಡಿ ಉದ್ದದ ಲೋಲಕ ಸುಮಾರು 1.1 ಸೆಕೆಂಡಿನಲ್ಲಿ ಒಮ್ಮೆ ಹೋಗಿ ಬರುತ್ತದೆ. ನೂರು ಅಡಿ ಉದ್ದದ್ದಾದರೆ 11 ಸೆಕೆಂಡು ಬೇಕು, ಏಕೆಂದರೆ ಸಮಯವು ಉದ್ದದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ದೈತ್ಯ ಗೊಂಬೆಯ ಕೈ ಬೀಸುವ ವೇಗವನ್ನು ನಾನು ಈ ಲೆಕ್ಕದಿಂದಲೇ ಇಟ್ಟುಕೊಂಡೆ. ಸೂತ್ರಧಾರರ ಕೈಯಲ್ಲಿ ಗೊಂಬೆ ಚುರುಕಾಗಿ ತಿರುಗುತ್ತದೆ. ಆ ಚುರುಕನ್ನು ಹಾಗೆಯೇ ತಂದಿದ್ದರೆ ಗೊಂಬೆಯ ಗುಡ್ಡದಂಥ ಗಾತ್ರ ಕಳೆದುಹೋಗುತ್ತಿತ್ತು. ಹೆಜ್ಜೆಯಿಟ್ಟಾಗ ಏಳುವ ಕೆಂಧೂಳಿಗೂ ಇದೇ ನಿಯಮ. ಸಂಡೂರು ಕಡೆಯ ಅದಿರು ಲಾರಿಗಳ ಹಿಂದೆ ಏಳುವ ಧೂಳನ್ನು ಸೆಕೆಂಡಿಗೆ 120 ಫ್ರೇಮ್‌ಗಳಂತೆ ಚಿತ್ರೀಕರಿಸಿ 24 ಫ್ರೇಮ್‌ಗಳಲ್ಲಿ ಓಡಿಸಿದರೆ ಅದು ಐದು ಪಟ್ಟು ನಿಧಾನವಾಗುತ್ತದೆ. ಐದರ ವರ್ಗ ಇಪ್ಪತ್ತೈದು. ಆದ್ದರಿಂದ ಧೂಳು ಸುಮಾರು ಇಪ್ಪತ್ತೈದು ಪಟ್ಟು ದೊಡ್ಡದಾಗಿ ತೋರುತ್ತದೆ. ಪುಟ್ಟ ಮಾದರಿಗಳನ್ನು (ಮಿನಿಯೇಚರ್) ಚಿತ್ರೀಕರಿಸುತ್ತಿದ್ದ ಕಾಲದಿಂದಲೂ ಚಿತ್ರೋದ್ಯಮ ನೆಚ್ಚಿಕೊಂಡು ಬಂದಿರುವ ಲೆಕ್ಕ ಇದು, ಫೋನಿನ ಸ್ಲೋ ಮೋಷನ್‌ನಲ್ಲೂ ನಡೆಯುತ್ತದೆ.

ಗುಡ್ಡದ ಅಂಚಿನ ವಿಷಯವನ್ನು ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. ಬಂಡೆಗಳ ಅಂಚು ಗಟ್ಟಿಯಾಗಿರುವುದರಿಂದ ಅವುಗಳಿಗೆ ರೋಟೊ ಸಾಕು. ಬಂಡೆಗಳ ನಡುವಿನ ಜಾಲಿ ಗಿಡಗಳನ್ನು ಕೈಯಿಂದ ಕತ್ತರಿಸಲು ಹೋಗಬಾರದು. ಹಿಂದೆ ಬೆಳಗುವ ಆಕಾಶ ಇರುವುದರಿಂದ ಹೊಳಪಿನ ವ್ಯತ್ಯಾಸದಿಂದ ಬೇರ್ಪಡಿಸುವ ಲೂಮಾ ಕೀ ಅವುಗಳ ಒಂದೊಂದು ಮುಳ್ಳನ್ನೂ ಉಳಿಸಿಕೊಡುತ್ತದೆ. ಮಬ್ಬಿನ ಪ್ರಮಾಣವನ್ನು ಊಹಿಸದೆ, ದೂರದ ಬಂಡೆಗಳ ಸಂದಿಯಲ್ಲಿರುವ ಅತಿ ಕಪ್ಪು ಬಿಂದುವಿನ ಅಂಕಿಯನ್ನು ಅಳೆದು, ಗೊಂಬೆಯ ಕಪ್ಪನ್ನು ಅದಕ್ಕಿಂತ ಸ್ವಲ್ಪ ಮೇಲಕ್ಕೆ ಎತ್ತಿದೆ, ಏಕೆಂದರೆ ಗೊಂಬೆ ಗುಡ್ಡದ ಆಚೆಗಿದೆ. ಸೂರ್ಯನತ್ತ ಮುಖ ಮಾಡಿ ನೋಡುವಾಗ ಧೂಳು ಇನ್ನಷ್ಟು ಬೆಳಗುವುದರಿಂದ ಸೂರ್ಯನ ಪಕ್ಕದಲ್ಲಿ ಆ ಎತ್ತರಿಕೆ ಹೆಚ್ಚಿರಬೇಕು, ದೂರ ಸರಿದಂತೆ ಇಳಿಯಬೇಕು. ಕೊನೆಗೆ ಗ್ರೇನನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಿಗೂ ಬೇರೆ ಬೇರೆಯಾಗಿ ಹೊಂದಿಸಿದೆ. ನೀಲಿಯಲ್ಲಿ ಅದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಎಲ್ಲವನ್ನೂ ಬ್ಲೆಂಡರ್ ಮತ್ತು ಕಾಂಪೊಸಿಟಿಂಗ್ ತಂತ್ರಾಂಶವಾದ ನ್ಯೂಕ್‌ನ ಉಚಿತ ಆವೃತ್ತಿಯಲ್ಲೇ ಮುಗಿಸಿದೆ. ಈ ಆವೃತ್ತಿ 1920×1080ಕ್ಕಿಂತ ದೊಡ್ಡ ಚಿತ್ರವನ್ನು ಹೊರಗೆ ಕೊಡುವುದಿಲ್ಲ, ಕಲಿಕೆಗೆ ಅಷ್ಟು ಧಾರಾಳ ಸಾಕು.

ಮುಗಿದ ಶಾಟನ್ನು ಕೊಪ್ಪಳದ ಆ ಹಿರಿಯರಿಗೆ ತೋರಿಸಿದಾಗ ಅವರು ಎರಡು ಸಲ ನೋಡಿ, “ಕೈ ಮುಂದ ಬರೋವಾಗ ತಲಿ ಒಂಚೂರು ಹಿಂದಕ ಹೋಗಬೇಕು, ಅಂದ್ರ ಜೀವ ಬರತೈತಿ” ಎಂದರು. ಅನಿಮೇಷನ್ ತರಗತಿಗಳಲ್ಲಿ ಇದನ್ನೇ ಬೇರೆ ಮಾತಿನಲ್ಲಿ ಕಲಿಸುತ್ತಾರೆ. ಅವರು ಹೇಳಿದಂತೆ ಕುತ್ತಿಗೆಯ ಸಂದಿಗೆ ಕೆಲವು ಕೀ ಫ್ರೇಮ್‌ಗಳನ್ನು (ಭಂಗಿಯನ್ನು ಗೊತ್ತುಮಾಡುವ ಫ್ರೇಮ್‌ಗಳನ್ನು) ಸೇರಿಸಿದೆ, ಗೊಂಬೆಗೆ ಭಾರ ಬಂತು.

ಈಗ ಎರಡನೆಯ ಶಾಟ್ ನಡೆಯುತ್ತಿದೆ. ಇದರಲ್ಲಿ ತೊಗಲನ್ನು ದಾಟಿ ಬಂದ ಬಣ್ಣದ ಬೆಳಕು ಗುಡ್ಡದ ಈಚೆಗಿನ ಬಂಡೆಗಳ ಮೇಲೆ ಹರಿಯಬೇಕು, ಅದಕ್ಕೆ ಬಂಡೆಗಳ ತ್ರೀಡಿ ರೂಪ ಬೇಕು. ಫೋಟೋಗ್ರಾಮೆಟ್ರಿಗಾಗಿ, ಅಂದರೆ ಹಲವು ಕೋನಗಳ ಚಿತ್ರಗಳಿಂದ ಆ ರೂಪವನ್ನು ಕಟ್ಟುವುದಕ್ಕಾಗಿ, ಆಷಾಢದ ಮೋಡದ ದಿನಗಳಲ್ಲಿ ಬಂಡೆಗಳ ಚಿತ್ರ ತೆಗೆಯುತ್ತಿದ್ದೇನೆ. ಬಿಸಿಲಿನ ನೆರಳು ಆ ಚಿತ್ರಗಳಲ್ಲಿ ಅಚ್ಚಾಗಿಬಿಟ್ಟರೆ ಆಮೇಲೆ ನಾವು ಕೊಡುವ ಬೆಳಕಿಗೆ ಬಂಡೆ ಒಗ್ಗುವುದಿಲ್ಲ, ಮತ್ತು ನಮ್ಮ ಬಳ್ಳಾರಿಯಲ್ಲಿ ಅಂಥ ಮೋಡದ ದಿನಗಳು ಸಿಗುವುದು ವರ್ಷದಲ್ಲಿ ಈ ಕೆಲವೇ ವಾರಗಳಲ್ಲಿ.